ಲೆಕ್ಕದ ಕಂಪ್ಯೂಟರಿಗೆ ಬೀಟಾ ತಂತ್ರಾಂಶ ಹಾಕಬೇಡಿ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಶುರುವಾಯಿತೆಂದರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಮಂಡಿಗಳಲ್ಲಿ, ಸಹಕಾರ ಸಂಘಗಳಲ್ಲಿ, ಗೊಬ್ಬರದಂಗಡಿಗಳಲ್ಲಿ ಕಂಪ್ಯೂಟರಿಗೆ ಬಿಡುವಿರುವುದಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳ ತೂಕ ಬೇರೆ ಬೇರೆ ಬರೆಯುವುದು, ಕೊಟ್ಟ ಮುಂಗಡ ಮುರಿದುಕೊಳ್ಳುವುದು, ಬಿಲ್ಲು ತೆಗೆಯುವುದು ಎಲ್ಲವೂ ಒಂದೇ ಡೇಟಾಬೇಸಿನ ಮೇಲೆ ನಿಂತಿರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಹಳೆಯ ಯಂತ್ರ ಬದಲಿಸುವ, ಹೊಸ ವಿಂಡೋಸ್ ಹಾಕಿಸುವ ಕೆಲಸ ಎಲ್ಲ ಕಡೆ ನಡೆದಿದೆ. ಈ ಭರಾಟೆಯಲ್ಲಿ 'ಹೇಗೂ ಹಾಕಿಸುತ್ತಿದ್ದೇವೆ, ಎಲ್ಲಕ್ಕಿಂತ ಹೊಸದನ್ನೇ ಹಾಕಿಸೋಣ' ಎಂದು ಇನ್ನೂ ಪರೀಕ್ಷೆಯಲ್ಲಿರುವ ಬೀಟಾ ಆವೃತ್ತಿಗಳನ್ನು ಲೆಕ್ಕದ ಯಂತ್ರಕ್ಕೇ ಹಾಕುವವರಿದ್ದಾರೆ. ಅದರಿಂದ ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಸಲು ಈ ಪತ್ರ. ಸ್ಥಳಾವಕಾಶ ಮಾಡಿಕೊಡಬೇಕಾಗಿ ಕೋರುತ್ತೇವೆ.

ಬೀಟಾ ಎಂದರೆ ಕೆಟ್ಟ ತಂತ್ರಾಂಶವೆಂದು ಅರ್ಥವಲ್ಲ. ತಯಾರಿಸಿದವರು 'ಇದನ್ನು ಬಳಸಿ ನೋಡಿ, ತಪ್ಪಿದ್ದರೆ ನಮಗೆ ಹೇಳಿ' ಎಂದು ಕೊಟ್ಟಿರುವ ಆವೃತ್ತಿ ಅದು. ದಿನದ ವ್ಯವಹಾರಕ್ಕೆ ಬಳಸಬೇಡಿ ಎಂದು ಅವರೇ ಹೇಳಿರುತ್ತಾರೆ. ಅನೇಕ ಬೀಟಾಗಳಿಗೆ ಅವಧಿಯೂ ಇರುತ್ತದೆ. ಆಫೀಸ್ 2010ರ ಬೀಟಾ 2010ರ ಅಕ್ಟೋಬರ್ 31ಕ್ಕೆ ಮುಗಿದಿತ್ತು. ಬಿಡುಗಡೆಗೆ ಮೊದಲು ಪರೀಕ್ಷೆಗೆಂದು ಕೊಡುವ ವಿಂಡೋಸ್ ಇನ್‌ಸೈಡರ್ ಬಿಲ್ಡ್‌ಗಳಿಗೂ ಹೀಗೆಯೇ ಕೊನೆಯ ದಿನವಿರುತ್ತದೆ. ಅವಧಿ ಮೀರುವ ದಿನ ಮಂಡಿಗೆ ರಜೆ ಇರುತ್ತದೆಂದು ಯಾರೂ ಹೇಳಲಾರರು.

'ಬೀಟಾ ಹಾಕಿದ್ದು ಬೇರೆ ಪ್ರೋಗ್ರಾಮಿಗೆ, ಲೆಕ್ಕದ ಪ್ರೋಗ್ರಾಮನ್ನು ಮುಟ್ಟಿಯೇ ಇಲ್ಲವಲ್ಲ' ಎನ್ನುವ ಮಾತು ಪದೇ ಪದೇ ಕೇಳಿಬರುತ್ತದೆ. ತಪ್ಪು ತಿಳಿವಳಿಕೆ ಇರುವುದು ಅಲ್ಲೇ. ಡೇಟಾಬೇಸ್ ಬಳಸುವ ಯಾವ ಪ್ರೋಗ್ರಾಮೂ ಒಂಟಿಯಾಗಿ ಓಡುವುದಿಲ್ಲ. ಡೇಟಾ ಓದುವ ಡ್ರೈವರ್, ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ಓಡಿಬಿಸಿ ಸಂಪರ್ಕ, ಯಾವ ಬೈಟು ಯಾವ ಅಕ್ಷರವೆಂದು ಹೇಳುವ ವಿಂಡೋಸಿನ ಕೋಡ್‌ಪೇಜ್, ಫೈಲು ಹಂಚುವ ನೆಟ್‌ವರ್ಕ್ ಪದ್ಧತಿ ಇವೆಲ್ಲ ಆ ಯಂತ್ರದ ಎಲ್ಲ ಪ್ರೋಗ್ರಾಮುಗಳಿಗೂ ಸೇರಿದ ಸೊತ್ತು. ನಾಲ್ಕು ಮನೆಗೆ ಒಂದೇ ಬಾವಿ ಇದ್ದ ಹಾಗೆ. ಬೀಟಾ ಬಂದು ಇವುಗಳಲ್ಲಿ ಒಂದನ್ನು ಬದಲಿಸಿದರೂ ಪಕ್ಕದ ಪ್ರೋಗ್ರಾಮು ನಿಲ್ಲಬಹುದು.

ಹೆಚ್ಚಾಗಿ ಕಾಣುವುದು 32 ಬಿಟ್ ಮತ್ತು 64 ಬಿಟ್ ತಕರಾರು. ಇವು ಪ್ರೋಗ್ರಾಮು ಕಟ್ಟುವ ಎರಡು ಬಗೆಗಳು, ಒಂದು ಬಗೆಯ ಪ್ರೋಗ್ರಾಮಿಗೆ ಇನ್ನೊಂದು ಬಗೆಯ ಡ್ರೈವರ್ ಹೊಂದುವುದಿಲ್ಲ. ನಮ್ಮ ಕಡೆ ವಿಷುವಲ್ ಬೇಸಿಕ್ 6ರಲ್ಲಿ ಬರೆದು ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನ ಫೈಲಿಗೆ ಜೋಡಿಸಿದ ಲೆಕ್ಕದ ಪ್ರೋಗ್ರಾಮುಗಳು ಇನ್ನೂ ಬಳಕೆಯಲ್ಲಿವೆ. ಇವು 32 ಬಿಟ್‌ನವು. ಆಕ್ಸೆಸ್ ಫೈಲನ್ನು ಓದಲು ಇವಕ್ಕೆ ಬೇಕಾದ 'ಏಸ್' ಡ್ರೈವರೂ 32 ಬಿಟ್‌ನದೇ ಆಗಿರಬೇಕು. ಹಳೆಯ 32 ಬಿಟ್ ಆಫೀಸ್ ತೆಗೆದು ಹೊಸ ಆಫೀಸಿನ ಬೀಟಾ ಹಾಕಿದರೆ ತಾನಾಗಿಯೇ ಬರುವುದು 64 ಬಿಟ್. ಹಳೆಯ ಡ್ರೈವರ್ ಆಫೀಸಿನ ಜೊತೆಗೇ ಹೋಗಿರುತ್ತದೆ. ಮರುದಿನ ಬೆಳಿಗ್ಗೆ ಪ್ರೋಗ್ರಾಮು ತೆರೆದರೆ 'ಪ್ರೊವೈಡರ್ ಈಸ್ ನಾಟ್ ರಿಜಿಸ್ಟರ್ಡ್ ಆನ್ ದ ಲೋಕಲ್ ಮೆಷೀನ್' ಎಂಬ ಸಂದೇಶ ಬರುತ್ತದೆ. ಡೇಟಾ ಕೆಟ್ಟಿತೆಂದು ಗಾಬರಿಯಾಗಿ ರಿಪೇರಿ ಒತ್ತಬೇಡಿ. ಡೇಟಾಕ್ಕೆ ಏನೂ ಆಗಿಲ್ಲ, ಅದನ್ನು ಓದುವ ಕಣ್ಣು ಹೋಗಿದೆ, ಅಷ್ಟೆ. ಗುರುತಿಸಲು ಒಂದು ಉಪಾಯವಿದೆ: ಎಂಡಿಬಿ ಎಂಬ ಹಳೆಯ ಮಾದರಿಯ ಫೈಲನ್ನು 'ಜೆಟ್ 4.0' ಎಂಬ ಹಳೆಯ ಡ್ರೈವರಿನ ಮೂಲಕ ಓದುವ ಪ್ರೋಗ್ರಾಮು ನಡೆಯುತ್ತಿದ್ದು, 2007ರ ನಂತರದ ಎಸಿಸಿಡಿಬಿ ಮಾದರಿಯ ಫೈಲಿನದು ಮಾತ್ರ ನಿಂತಿದ್ದರೆ ದೋಷ ಏಸ್ ಡ್ರೈವರಿನದೇ. ಜೆಟ್ ವಿಂಡೋಸಿನ ಜೊತೆಗೇ ಬರುತ್ತದೆ, ಏಸ್ ಹಾಗಲ್ಲ.

ಇದಕ್ಕೆ ಮದ್ದು ಆಫೀಸ್ ಮತ್ತು ಡ್ರೈವರ್ ಎರಡನ್ನೂ 32 ಬಿಟ್‌ಗೆ ತರುವುದು. ಎರಡು ಬಗೆಯದನ್ನು ಒಟ್ಟಿಗೆ ಇಡಲು ಹೋದರೆ ಇನ್‌ಸ್ಟಾಲರ್ ತಡೆಯುತ್ತದೆ. ಆ ತಡೆಯನ್ನು ದಾಟಿಸುವ ಅಡ್ಡದಾರಿಗಳನ್ನು ಯೂಟ್ಯೂಬಿನಲ್ಲಿ ತೋರಿಸುತ್ತಾರೆ. ಆ ದಾರಿ ಹಿಡಿಯಬೇಡಿ. ಓಡಿಬಿಸಿ ಪರಿಶೀಲಿಸುವಾಗಲೂ ಎಡವುವವರು ಬಹಳ. ಅದರ ಹೊಂದಾಣಿಕೆ ಕಿಟಕಿಗಳು ಎರಡಿವೆ, ಎರಡಕ್ಕೂ ಫೈಲಿನ ಹೆಸರು ಒಂದೇ. 64 ಬಿಟ್‌ನದು 'ಸಿಸ್ಟಮ್32' ಫೋಲ್ಡರಿನಲ್ಲಿದೆ, 32 ಬಿಟ್‌ನದು 'ಸಿಸ್‌ವಾವ್64' ಫೋಲ್ಡರಿನಲ್ಲಿದೆ. ಹೆಸರು ನೋಡಿದರೆ ತಿರುಗುಮುರುಗಾಗಿ ಕಾಣುತ್ತದೆ, ಆದರೆ ಸರಿಯಾದದ್ದು ಇದೇ. ತಪ್ಪು ಕಿಟಕಿಯಲ್ಲಿ ಹತ್ತು ಸಲ ಡಿಎಸ್‌ಎನ್ (ಡೇಟಾಬೇಸ್ ಎಲ್ಲಿದೆ ಎಂದು ತಿಳಿಸುವ ನಮೂದು) ಮಾಡಿದರೂ ಲೆಕ್ಕದ ಪ್ರೋಗ್ರಾಮಿಗೆ ಅದು ಕಾಣುವುದೇ ಇಲ್ಲ.

ಡಾಸ್ ಕಾಲದ ಫಾಕ್ಸ್‌ಪ್ರೋ ಪ್ರೋಗ್ರಾಮು ಇಟ್ಟುಕೊಂಡವರಿಗೆ ಒಂದೇ ಮಾತು: ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ ಮಾತ್ರ, ಅದರಲ್ಲಿ ಇಂಥ ಹಳೆಯ 16 ಬಿಟ್ ಪ್ರೋಗ್ರಾಮು ನೇರವಾಗಿ ಏಳುವುದೇ ಇಲ್ಲ.

ಡ್ರೈವರ್ ಹೋದರೆ ಮರಳಿ ಹಾಕಬಹುದು. ಡೇಟಾ ಫೈಲಿನ ಒಳರಚನೆಯೇ ಹೊಸದಕ್ಕೆ ಬದಲಾದರೆ ಹಿಂದಕ್ಕೆ ಬರುವ ದಾರಿ ಬಹುಪಾಲು ಮುಚ್ಚಿಹೋಗುತ್ತದೆ. ಮೈಕ್ರೋಸಾಫ್ಟಿನ ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯುಎಲ್ ಸರ್ವರಿನಲ್ಲಿ ಹೊಸ ಆವೃತ್ತಿಗೆ ಒಮ್ಮೆ ಅಟ್ಯಾಚ್ ಮಾಡಿದ (ಜೋಡಿಸಿದ) ಡೇಟಾಬೇಸನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ. ಹೊಸದರಲ್ಲಿ ತೆಗೆದ ಬ್ಯಾಕಪ್ಪನ್ನು ಹಳೆಯದರಲ್ಲಿ ರಿಸ್ಟೋರ್ ಮಾಡಲೂ ಆಗುವುದಿಲ್ಲ. 'ಕಂಪ್ಯಾಟಿಬಿಲಿಟಿ ಲೆವೆಲ್' ಕೆಳಗಿಟ್ಟರೆ ಆಗುತ್ತದೆ ಎಂದುಕೊಂಡವರಿದ್ದಾರೆ; ಆ ಅಂಕಿ ಕ್ವೆರಿಗಳ (ಡೇಟಾ ಕೇಳುವ ಆಜ್ಞೆಗಳ) ನಡವಳಿಕೆಯನ್ನು ಬದಲಿಸುತ್ತದೆಯೇ ಹೊರತು ಫೈಲಿನ ರಚನೆಯನ್ನಲ್ಲ. ಆಕ್ಸೆಸ್‌ನಲ್ಲಿ 2016ರ ನಂತರದ 'ಲಾರ್ಜ್ ನಂಬರ್' ಬಗೆಯ ಒಂದು ಕಾಲಂ ಸೇರಿಸಿದರೂ ಹಳೆಯ ಆಕ್ಸೆಸ್‌ಗೆ ಆ ಫೈಲು ದಕ್ಕುವುದಿಲ್ಲ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಅದರ ಹೊಸ ಆವೃತ್ತಿ ವರ್ಷಕ್ಕೊಂದು ಬರುತ್ತದೆ, ಅದಕ್ಕೆ ಕೆಲವು ತಿಂಗಳು ಮೊದಲು ಬೀಟಾಗಳು. ಬೀಟಾ 1ರಿಂದ ಬೀಟಾ 2ಕ್ಕೆ ಹೋಗುವಾಗಲೂ ಡಿಸ್ಕಿನ ಮೇಲಿನ ರಚನೆ ಬದಲಾಗಬಹುದು. ಆಗ ಡಂಪ್ (ಡೇಟಾವನ್ನೆಲ್ಲ ಹೊರಗೆ ಬರೆದಿಟ್ಟ ಫೈಲು) ತೆಗೆದು ಮತ್ತೆ ತುಂಬಬೇಕು ಅಥವಾ ಅದರದೇ ಪಿಜಿ ಅಪ್‌ಗ್ರೇಡ್ ಎಂಬ ಪ್ರೋಗ್ರಾಮು ಓಡಿಸಬೇಕು. ಒಂದೇ ಯಂತ್ರದಲ್ಲಿ ಹಳೆಯದು, ಬೀಟಾ ಎರಡೂ ಇದ್ದರೆ ಡೇಟಾ ಫೋಲ್ಡರ್ ಬೇರೆಬೇರೆ ಇರಬೇಕು, ಹಳೆಯದಕ್ಕೆ 5432 ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ), ಬೀಟಾಕ್ಕೆ 5433. ಇಷ್ಟನ್ನು ಅನೇಕರು ಮಾಡುತ್ತಾರೆ. ತಪ್ಪುವುದು ರಾತ್ರಿಯ ಬ್ಯಾಕಪ್ಪಿನಲ್ಲಿ. ವಿಂಡೋಸ್ ಪ್ರೋಗ್ರಾಮು ಹುಡುಕುವ ಫೋಲ್ಡರುಗಳ ಪಟ್ಟಿಯಾದ 'ಪಾತ್'ನಲ್ಲಿ ಬೀಟಾದ ಫೋಲ್ಡರ್ ಮೊದಲು ಬಂದರೆ ಹಳೆಯ ಸರ್ವರಿನ ಬ್ಯಾಕಪ್ಪನ್ನೂ ಬೀಟಾದ ಪಿಜಿ ಡಂಪ್ ಪ್ರೋಗ್ರಾಮೇ ತೆಗೆಯುತ್ತದೆ. ಯಾವ ದೂರೂ ಇಲ್ಲದೆ ತೆಗೆಯುತ್ತದೆ, ಫೈಲಿನ ಗಾತ್ರವೂ ಸರಿಯಾಗಿಯೇ ಕಾಣುತ್ತದೆ. ಆ ಡಂಪನ್ನು ಹಳೆಯ ಸರ್ವರಿಗೆ ತುಂಬಲು ಹೋದಾಗ ಮಾತ್ರ ತಕರಾರು ಗೊತ್ತಾಗುತ್ತದೆ. ಉದಾಹರಣೆಗೆ, 17ನೇ ಆವೃತ್ತಿಯ ಡಂಪಿನ ಆರಂಭದಲ್ಲೇ 'ಟ್ರಾನ್ಸಾಕ್ಷನ್ ಟೈಮ್‌ಔಟ್' ಎಂಬ ಹೊಂದಾಣಿಕೆಯ ಸಾಲಿರುತ್ತದೆ. 16ಕ್ಕೆ ಅದು ಏನೆಂದೇ ತಿಳಿಯದು. ಆದ್ದರಿಂದ ಬ್ಯಾಕಪ್ಪಿನ ಬ್ಯಾಚ್ ಫೈಲಿನಲ್ಲಿ ಪ್ರೋಗ್ರಾಮಿನ ಬರೀ ಹೆಸರನ್ನಲ್ಲ, ಅದು ಇರುವ ಫೋಲ್ಡರಿನ ಪೂರ್ತಿ ವಿಳಾಸವನ್ನು ಬರೆಯಿರಿ.

ನಾಲ್ಕೈದು ಯಂತ್ರಗಳಿಂದ ಒಂದೇ ಆಕ್ಸೆಸ್ ಫೈಲನ್ನು ತೆರೆಯುವ ಕಡೆ ಕಷ್ಟ ಬರುವುದು ನೆಟ್‌ವರ್ಕಿನಿಂದ. 2018ರ ವಿಂಡೋಸ್ 10, 1803ನೇ ಆವೃತ್ತಿಯ ನಂತರ ಹಂಚಿಕೊಂಡ ಆಕ್ಸೆಸ್ ಫೈಲುಗಳು 'ಇನ್‌ಕನ್ಸಿಸ್ಟೆಂಟ್ ಸ್ಟೇಟ್' ಎಂದು ತೆರೆಯಲು ನಿರಾಕರಿಸುವುದು ಶುರುವಾಯಿತು. ಫೈಲು ಇರುವ ಯಂತ್ರದ ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಹೊಂದಾಣಿಕೆಗಳ ಕಡತ) 'ಲ್ಯಾನ್‌ಮ್ಯಾನ್‌ಸರ್ವರ್' ಕೆಳಗಿನ 'ಪ್ಯಾರಾಮೀಟರ್ಸ್'ನಲ್ಲಿ 'ಡಿಸೇಬಲ್ ಲೀಸಿಂಗ್' ಎಂಬ ಡಿವರ್ಡ್ (ಅಂಕಿ ಹಿಡಿಯುವ) ನಮೂದು ಮಾಡಿ 1 ಎಂದು ಇಟ್ಟು, ಸರ್ವರ್ ಸೇವೆಯನ್ನು ಮರುಚಾಲನೆ ಮಾಡುವುದು ಅದಕ್ಕೆ ಪರಿಹಾರ. ವಿಂಡೋಸ್ 11ರ 24ಎಚ್2 ಪ್ರೊ ಆವೃತ್ತಿಯಲ್ಲಿ ಬೇರೆಯದೇ ಬದಲಾವಣೆ: ಎಸ್‌ಎಂಬಿ ಎಂಬ ಫೈಲು ಹಂಚಿಕೆ ಪದ್ಧತಿಯಲ್ಲಿ ಡಿಜಿಟಲ್ ಸಹಿ ಕಡ್ಡಾಯವಾಯಿತು, ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶ ನಿಂತಿತು. ರೌಟರಿಗೆ ಚುಚ್ಚಿದ ಹಾರ್ಡ್‌ಡಿಸ್ಕಿನಲ್ಲಿ ಡೇಟಾ ಇಟ್ಟವರಿಗೆ ಫೋಲ್ಡರೇ ತೆರೆಯದಾಯಿತು. ಈ ಸಹಿಯ ನಿಯಮ 2023ರ ಇನ್‌ಸೈಡರ್ ಬಿಲ್ಡ್‌ಗಳಲ್ಲೇ ಕಾಣಿಸಿಕೊಂಡಿತ್ತು. ಬೀಟಾದ ನಿಜವಾದ ಉಪಯೋಗ ಇದು ಎಂಬುದು ನಮ್ಮ ಅಭಿಪ್ರಾಯ: ಬೇರೊಂದು ಯಂತ್ರದಲ್ಲಿ ಓಡಿಸಿ ನೋಡಿದವರಿಗೆ ಮುಂದೆ ಬರುವ ಕಷ್ಟ ವರ್ಷ ಮೊದಲೇ ಗೊತ್ತಾಗುತ್ತದೆ.

ಎಸ್‌ಕ್ಯುಎಲ್ ಸರ್ವರ್ ಇರುವ ಯಂತ್ರವನ್ನು ವಿಂಡೋಸ್ 11ಕ್ಕೆ ಏರಿಸಿದ ಮೇಲೆ ಸೇವೆ ಏಳದಿದ್ದರೆ ಡಿಸ್ಕಿನ ಸೆಕ್ಟರ್ (ಡಿಸ್ಕ್ ಒಮ್ಮೆಗೆ ಓದಿ ಬರೆಯುವ ತುಣುಕು) ಗಾತ್ರ ನೋಡಿ. ಎಸ್‌ಕ್ಯುಎಲ್ ಸರ್ವರ್ ಒಪ್ಪುವುದು 512 ಮತ್ತು 4096 ಬೈಟುಗಳ ಸೆಕ್ಟರನ್ನು ಮಾತ್ರ. ಎನ್‌ವಿಎಂಇ ಎಂಬ ವೇಗದ ಬಗೆಯ ಕೆಲವು ಡಿಸ್ಕುಗಳು ಅದಕ್ಕಿಂತ ದೊಡ್ಡ ಅಂಕಿ ತೋರಿಸುತ್ತವೆ, ವಿಂಡೋಸ್ 11 ಅದನ್ನು ಹಾಗೆಯೇ ಮುಂದಕ್ಕೆ ಹೇಳುತ್ತದೆ. 'ಎಫ್‌ಎಸ್‌ಯುಟಿಲ್' ಆಜ್ಞೆಯ 'ಸೆಕ್ಟರ್ ಇನ್ಫೋ' ಭಾಗದಲ್ಲಿ ಇದು ಸಿಗುತ್ತದೆ. ಮೈಕ್ರೋಸಾಫ್ಟ್ ಇದಕ್ಕೊಂದು ರಿಜಿಸ್ಟ್ರಿ ಹೊಂದಾಣಿಕೆಯನ್ನು ಪ್ರಕಟಿಸಿದೆ, ಅದರಿಂದ ಸರಿಯಾಗುತ್ತದೆ.

ಇವೆಲ್ಲಕ್ಕಿಂತ ನಮಗೆ ಸಂಕಟ ತರುವುದು ಕನ್ನಡದ ಡೇಟಾ ಹಾಳಾಗುವುದು. ವಿಂಡೋಸಿನ ಪ್ರಾದೇಶಿಕ ಹೊಂದಾಣಿಕೆಗಳಲ್ಲಿ 'ಅಡ್ಮಿನಿಸ್ಟ್ರೇಟಿವ್' ಎಂಬ ಭಾಗ, ಅದರಲ್ಲಿ 'ಚೇಂಜ್ ಸಿಸ್ಟಮ್ ಲೊಕೇಲ್' ಗುಂಡಿ. ಒತ್ತಿದರೆ ಒಂದು ಚಿಕ್ಕ ಚೌಕ ಕಾಣುತ್ತದೆ: 'ಬೀಟಾ: ಯೂಸ್ ಯುನಿಕೋಡ್ ಯುಟಿಎಫ್-8 ಫಾರ್ ವರ್ಲ್ಡ್‌ವೈಡ್ ಲ್ಯಾಂಗ್ವೇಜ್ ಸಪೋರ್ಟ್'. 2018ರಲ್ಲಿ ಬಂದದ್ದು, ವಿಂಡೋಸ್ 11ರಲ್ಲೂ 'ಬೀಟಾ' ಎಂಬ ಪಟ್ಟಿ ಹೊತ್ತುಕೊಂಡೇ ಇದೆ. ಕನ್ನಡ ಸರಿಯಾಗಿ ಕಾಣಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಅದಕ್ಕೆ ಗುರುತು ಹಾಕುತ್ತಾರೆ. ಹಾಕಿ ಯಂತ್ರ ಮರುಚಾಲನೆ ಮಾಡಿದ ಮೇಲೆ ನುಡಿ ತಂತ್ರಾಂಶದ ಆನ್ಸಿ (ಯುನಿಕೋಡ್ ಅಲ್ಲದ ಹಳೆಯ ಪದ್ಧತಿಯ) ಅಕ್ಷರದಲ್ಲಿ ವರ್ಷಗಟ್ಟಲೆ ತುಂಬಿದ ಸದಸ್ಯರ ಹೆಸರು, ಊರು, ಸರ್ವೆ ನಂಬರಿನ ಷರಾ ಎಲ್ಲ ಕಲಸುಮೇಲೋಗರವಾಗುತ್ತದೆ.

ಕಾರಣ ಒಂದು ಪದದಲ್ಲೇ ಕಾಣುತ್ತದೆ. 'ಕನ್ನಡ' ಎಂಬ ಪದ ನುಡಿ ಆನ್ಸಿಯಲ್ಲಿ ಏಳು ಬೈಟು, ಅಂದರೆ ಕಂಪ್ಯೂಟರ್ ಬರೆದಿಡುವ ಏಳು ಅಂಕಿ: 80, 192, 163, 192, 223, 113, 192. ಇಲ್ಲಿ ಮೂರು ಸಲ ಬಂದಿರುವ 192 ತಲೆಕಟ್ಟು, 223 ನ-ಒತ್ತು. ಇಂಗ್ಲಿಷ್-ಇಂಡಿಯಾ ಎಂದಿರುವ ಯಂತ್ರದ ಕೋಡ್‌ಪೇಜ್ 1252. ಅದರಲ್ಲಿ ಈ ಪ್ರತಿ ಬೈಟೂ ಒಂದೊಂದು ಅಕ್ಷರ, ನುಡಿ ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಆ ಚೌಕಕ್ಕೆ ಗುರುತು ಬಿದ್ದರೆ ಕೋಡ್‌ಪೇಜ್ 65001, ಅಂದರೆ ಯುನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8 ಪದ್ಧತಿ ಆಗುತ್ತದೆ. ಯುಟಿಎಫ್-8ರಲ್ಲಿ 192 ಎಂಬ ಬೈಟು ಎಲ್ಲೂ ಬರುವಂತೆಯೇ ಇಲ್ಲ. 163 ಒಂಟಿಯಾಗಿ ನಿಲ್ಲುವಂತಿಲ್ಲ. 223ರ ಮುಂದೆ 113 ಬರುವಂತಿಲ್ಲ. ಹೀಗೆ ಏಳರಲ್ಲಿ ಐದು ಬೈಟು ಅಸಿಂಧು. ಹಳೆಯ ಪ್ರೋಗ್ರಾಮು ಅವನ್ನು ಓದಿ, ಅರ್ಥವಾಗದ ಕಡೆಯೆಲ್ಲ ಒಂದೇ ಬಗೆಯ ಬದಲಿ ಚಿಹ್ನೆ ಇಡುತ್ತದೆ. ಪರದೆಯ ಮೇಲೆ ಹಾಗೆ ಕಂಡಷ್ಟರಿಂದ ನಷ್ಟವಿಲ್ಲ. ಯಾರಾದರೂ ಆ ದಾಖಲೆಯಲ್ಲಿ ಫೋನ್ ನಂಬರ್ ತಿದ್ದಿ 'ಸೇವ್' ಒತ್ತಿದರು ಎನ್ನಿ, ಹೆಸರಿನ ಜಾಗಕ್ಕೂ ಬದಲಿ ಚಿಹ್ನೆಗಳೇ ಬರೆದುಹೋಗುತ್ತವೆ. 192 ಇದ್ದ ಕಡೆಯೂ ಅದೇ ಚಿಹ್ನೆ, 163 ಇದ್ದ ಕಡೆಯೂ ಅದೇ. ಅದರಿಂದ ಮೂಲ ಹೆಸರನ್ನು ಮರಳಿ ಪಡೆಯುವ ಉಪಾಯ ಯಾರ ಕೈಯಲ್ಲೂ ಇಲ್ಲ. ಇಂಥದ್ದು ಕಂಡ ಕೂಡಲೇ ಎಲ್ಲರೂ ಪ್ರೋಗ್ರಾಮಿನಿಂದ ಹೊರಬನ್ನಿ, ಏನನ್ನೂ ಸೇವ್ ಮಾಡಬೇಡಿ, ಡೇಟಾ ಫೈಲಿನ ಪ್ರತಿ ತೆಗೆದಿಡಿ, ಆಮೇಲೆ ಗುರುತು ತೆಗೆದು ಮರುಚಾಲನೆ ಮಾಡಿ. ಸೇವ್ ಆಗದ ದಾಖಲೆಗಳೆಲ್ಲ ಮೊದಲಿನಂತೆ ಬರುತ್ತವೆ.

ಯುನಿಕೋಡಿಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಒಂದು ಗುರುತಿನಿಂದ ಆಗುವ ಕೆಲಸವಲ್ಲ. ಡೇಟಾಬೇಸಿನ ಪ್ರತಿಯಲ್ಲಿ ಹಳೆಯ ಕಾಲಂ ಪಕ್ಕ ಹೊಸ ಕಾಲಂ ಮಾಡಿ, ಪರಿವರ್ತಕದಿಂದ ಬಂದ ಯುನಿಕೋಡನ್ನು ಅಲ್ಲಿ ತುಂಬಿ, ಹಳೆಯದನ್ನು ಕನಿಷ್ಠ ಒಂದು ಲೆಕ್ಕಪರಿಶೋಧನೆ ಮುಗಿಯುವವರೆಗೆ ಇಟ್ಟುಕೊಳ್ಳಿ. ಪರೀಕ್ಷೆಗೆ 'ತೀರ್ಥಹಳ್ಳಿ' ಎಂಬ ಹೆಸರೇ ಸಾಕು. ಆನ್ಸಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡಂತೆ 'ಥ' ಆದ ಮೇಲೆ ಬರುತ್ತದೆ, ಯುನಿಕೋಡಿನಲ್ಲಿ 'ರ' ಮತ್ತು ಹಲಂತ 'ಥ'ಗಿಂತ ಮೊದಲು ಬರಬೇಕು. ಇದನ್ನು ನೋಡಿಕೊಳ್ಳದ ಪರಿವರ್ತಕ ಅಲ್ಲೇ ಸಿಕ್ಕಿಬೀಳುತ್ತದೆ. ಕಾಲಂ ಅಳತೆಯನ್ನೂ ಹಿಗ್ಗಿಸಬೇಕು: ಆನ್ಸಿಯ ಏಳು ಬೈಟಿನ 'ಕನ್ನಡ' ಯುಟಿಎಫ್-8ರಲ್ಲಿ 15 ಬೈಟು. ಬೈಟಿನಲ್ಲಿ ಅಳೆಯುವ 30ರ ಕಾಲಮ್ಮಿನಲ್ಲಿ ಹತ್ತು ಸಂಕೇತಗಳಿಗಷ್ಟೇ ಜಾಗ, ಒತ್ತಕ್ಷರ ತುಂಬಿದ ಹೆಸರು ಅರ್ಧಕ್ಕೆ ತುಂಡಾಗುತ್ತದೆ. ಎಸ್‌ಕ್ಯುಎಲ್ ಸರ್ವರಿನಲ್ಲಾದರೆ ಯುನಿಕೋಡ್ ಹಿಡಿಯುವ 'ಎನ್‌ವಾರ್‌ಚಾರ್' ಬಗೆಯ ಕಾಲಂ ಬಳಸಿ. ಬರೀ 'ವಾರ್‌ಚಾರ್'ಗೆ ಕನ್ನಡ ಹಾಕಿದರೆ, ಯುಟಿಎಫ್-8 ಕೊಲೇಷನ್ (ಅಕ್ಷರಗಳನ್ನು ಇಡುವ, ಹೋಲಿಸುವ ನಿಯಮ) ಇಲ್ಲದಿದ್ದಾಗ, ಪ್ರಶ್ನಾರ್ಥಕ ಚಿಹ್ನೆಗಳೇ ಉಳಿಯುತ್ತವೆ.

ಹಾಗಾದರೆ ಬೀಟಾ ಪರೀಕ್ಷಿಸುವುದು ಹೇಗೆ? ಬೇರೆ ಯಂತ್ರ ಇದ್ದರೆ ಉತ್ತಮ. ಇಲ್ಲದಿದ್ದರೆ ವಿಂಡೋಸ್ ಪ್ರೊನಲ್ಲಿರುವ ಹೈಪರ್-ವಿ ಬಳಸಿ ಯಂತ್ರದೊಳಗೊಂದು ಯಂತ್ರ ಮಾಡಿಕೊಳ್ಳಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಅದಕ್ಕೇ ಬಿಟ್ಟುಕೊಡಬೇಕು, ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಆನ್ ಮಾಡಬೇಕು. ಮೊದಲೇ ಒಂದು ಚೆಕ್‌ಪಾಯಿಂಟ್ ತೆಗೆದಿಟ್ಟರೆ ಏನೇ ಕೆಟ್ಟರೂ ಆ ಸ್ಥಿತಿಗೆ ಮರಳಬಹುದು. ಒಳಗಿನ ಯಂತ್ರಕ್ಕೆ ಕಚೇರಿಯ ನೆಟ್‌ವರ್ಕ್ ಕೊಡಬೇಡಿ. ಪ್ರತಿಯಲ್ಲಿರುವ ಪ್ರೋಗ್ರಾಮು ಹಳೆಯ ವಿಳಾಸ ಹಿಡಿದು ಅಸಲಿ ಡೇಟಾಬೇಸಿಗೇ ಹೋಗಿ ಬರೆದುಬಿಡುವ ಅಪಾಯವಿದೆ.

ಪ್ರತಿ ತೆಗೆಯುವುದರಲ್ಲೂ ಕ್ರಮವಿದೆ. ತೆರೆದಿರುವ ಆಕ್ಸೆಸ್ ಫೈಲನ್ನು ಪೆನ್‌ಡ್ರೈವಿಗೆ ಎಳೆದು ಹಾಕಿದರೆ ಅರ್ಧ ಬರೆದ ಸ್ಥಿತಿಯ ಪ್ರತಿ ಸಿಗಬಹುದು. ಪಕ್ಕದಲ್ಲಿ ಎಲ್‌ಎಸಿಸಿಡಿಬಿ ಎಂಬ ಬೀಗದ ಫೈಲು ಇದ್ದರೆ ಸಾಮಾನ್ಯವಾಗಿ ಯಾರೋ ಇನ್ನೂ ಒಳಗಿದ್ದಾರೆಂದು ಅರ್ಥ, ಕಾಯಿರಿ. ಎಸ್‌ಕ್ಯುಎಲ್ ಸರ್ವರಿನಲ್ಲಿ ಚೆಕ್‌ಸಮ್ ಸಮೇತ ಬ್ಯಾಕಪ್ ತೆಗೆದು, ಬೇರೆ ಹೆಸರಿನಲ್ಲಿ ರಿಸ್ಟೋರ್ ಮಾಡಿ, ಡೇಟಾ ಸರಿಯಿದೆಯೇ ಎಂದು ನೋಡುವ ಡಿಬಿಸಿಸಿ ಚೆಕ್‌ಡಿಬಿ ಆಜ್ಞೆ ಓಡಿಸಿ. ಆಮೇಲೆ ಅಸಲು ಮತ್ತು ಪ್ರತಿಯಲ್ಲಿ ಮೂರು ಅಂಕಿ ತಾಳೆ ನೋಡಿ: ಒಟ್ಟು ದಾಖಲೆಗಳೆಷ್ಟು, ರಾಶಿ-ಬೆಟ್ಟೆ-ಸರಕು-ಗೊರಬಲು ಪ್ರತ್ಯೇಕವಾಗಿ ಎಷ್ಟು ಕಿಲೋ, ಅಖೈರು ಶಿಲ್ಕು ಎಷ್ಟು. ಬೀಟಾದ ಮೇಲೆ ಓಡಿಸಿದ ನಂತರ ಇದೇ ಮೂರನ್ನು ಮತ್ತೆ ನೋಡಿ, ಒಂದು ಕನ್ನಡ ಬಿಲ್ಲನ್ನು ಕಾಗದದ ಮೇಲೆ ಮುದ್ರಿಸಿ ನೋಡಿ.

ಸಮಯದ ಮಾತೂ ಇದೆ. ಮಂಡಿಗೆ ಬಿಡುವಿರುವುದು ಮಳೆಗಾಲದಲ್ಲಿ, ಪರೀಕ್ಷೆಗೆ ಅನುಕೂಲ ಆಗಲೇ. ಕರೆಂಟು ಹೋಗುವುದೂ ಆಗಲೇ. ವಿಂಡೋಸ್ ಬದಲಾವಣೆ ನಡೆಯುತ್ತಿರುವಾಗ ಅಥವಾ ಡೇಟಾ ಫೈಲು ಹೊಸ ರಚನೆಗೆ ಹೋಗುತ್ತಿರುವಾಗ ಕರೆಂಟು ಕೈಕೊಟ್ಟರೆ ಎರಡೂ ಬದಿಗೆ ಸಲ್ಲದ ಸ್ಥಿತಿ. ಬ್ಯಾಟರಿ ಸರಿಯಿರುವ ಲ್ಯಾಪ್‌ಟಾಪಿನಲ್ಲಿ ಮಾಡಿ, ಇಲ್ಲವೇ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆಂದು ಮೊದಲೇ ಪ್ಲಗ್ ಎಳೆದು ಪರೀಕ್ಷಿಸಿಕೊಳ್ಳಿ.

ಈಗಾಗಲೇ ಬೀಟಾ ವಿಂಡೋಸ್ ಹಾಕಿ ಕುಳಿತವರಿಗೆ: ಹಳೆಯದಕ್ಕೆ ಮರಳುವ 'ಗೋ ಬ್ಯಾಕ್' ಅವಕಾಶ ಸಾಮಾನ್ಯವಾಗಿ 10 ದಿನ ಮಾತ್ರ. ಆ ಹತ್ತು ದಿನದೊಳಗೆ 'ಡಿಸ್ಮ್' ಆಜ್ಞೆಯಿಂದ ಅದನ್ನು 60 ದಿನದವರೆಗೆ ಹಿಗ್ಗಿಸಬಹುದು. ಜಾಗ ಉಳಿಸಲೆಂದು 'ವಿಂಡೋಸ್.ಓಲ್ಡ್' ಫೋಲ್ಡರ್ ಅಳಿಸಿದರೆ ಆ ಬಾಗಿಲೂ ಮುಚ್ಚಿತು. ಅವಧಿ ಮೀರಿದ ಮೇಲೆ ಕೆನರಿ, ಡೆವ್ ಎಂಬ ಆರಂಭಿಕ ಪರೀಕ್ಷೆಯ ಇನ್‌ಸೈಡರ್ ಚಾನಲ್‌ಗಳಿಂದ ಹೊರಬರಲು ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು. ಇನ್ನೊಂದು ನೆನಪಿಡಿ: ವಿಂಡೋಸ್ ಹಿಂದಕ್ಕೆ ಹೋದರೂ ಹೊಸ ರಚನೆಗೆ ಬದಲಾದ ಡೇಟಾಬೇಸ್ ಹಿಂದಕ್ಕೆ ಹೋಗುವುದಿಲ್ಲ.

ಸಂಘಗಳ ಆಡಳಿತ ಮಂಡಳಿಗಳಲ್ಲಿ, ಮಂಡಿ ಮಾಲೀಕರಲ್ಲಿ, ತಂತ್ರಾಂಶ ಒದಗಿಸುವ ಜಿಲ್ಲೆಯ ವೃತ್ತಿಬಾಂಧವರಲ್ಲಿ ನಮ್ಮದೊಂದು ಕೋರಿಕೆ. ಯಾರೇ ಬಂದು ಯಂತ್ರ ಮುಟ್ಟಿ ಹೋದರೂ ಬಿಲ್ಲಿನಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ: ವಿಂಡೋಸ್ ಯಾವ ಆವೃತ್ತಿ ಮತ್ತು ಬಿಲ್ಡ್, ಆಫೀಸ್ ಎಷ್ಟು ಬಿಟ್‌ನದು, ಡೇಟಾಬೇಸ್ ಯಾವ ಆವೃತ್ತಿಯದು, ಕೊನೆಯ ಬ್ಯಾಕಪ್ಪನ್ನು ರಿಸ್ಟೋರ್ ಮಾಡಿ ನೋಡಿದ ದಿನಾಂಕ ಯಾವುದು. ನಾಳೆ ಬೇರೆಯವರು ದುರಸ್ತಿಗೆ ಬಂದರೆ ಅವರು ಮೊದಲು ಕೇಳುವುದು ಈ ನಾಲ್ಕನ್ನೇ.

ಇತಿ,
ಡೇಟಾಬೇಸ್ ನಿರ್ವಹಣೆಯ ಕೆಲಸದಲ್ಲಿರುವ ಓದುಗರು,
ಶಿವಮೊಗ್ಗ